ನಾಲ್ಕು ತಾಲ್ಲೂಕಿನ ನೀರು ಮತ್ತು ಒಂದು ಚಿಟಿಕೆ ಸಕ್ಕರೆ

ಯಲವಿಗಿಯಲ್ಲಿ ರೈಲು ಇಳಿದಾಗ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಇಳಿದ ನಾಲ್ಕೈದು ಜನರಲ್ಲಿ ಮರದ ಪೆಟ್ಟಿಗೆ ಹೊತ್ತು ಒದ್ದಾಡುತ್ತಿದ್ದವಳು ನಾನೊಬ್ಬಳೇ. ಅದರ ತುಂಬ ಕಂದು ಗಾಜಿನ ಖಾಲಿ ಬಾಟಲಿಗಳು. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ನಾನು ಇಂಟರ್ನ್‌ಶಿಪ್ ಮಾಡುತ್ತಿದ್ದೆ. ಸವಣೂರು, ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರು ತಾಲ್ಲೂಕುಗಳ ಕೆರೆ, ಬೋರ್‌ವೆಲ್‌ಗಳಿಂದ ನೀರು ತರುವುದು ನನ್ನ ಪಾಲಿನ ಕೆಲಸ. ಆ ನೀರಿನಲ್ಲಿ ಹಾರ್ಮೋನುಗಳ ಕೆಲಸ ಕೆಡಿಸುವ ರಾಸಾಯನಿಕಗಳಿವೆಯೇ ಎಂದು ನೋಡಬೇಕಿತ್ತು. ಮನೆಯವರದೇ ದನಿ ಮಾಡಿಕೊಂಡು ಯಾರೋ ಬಾಗಿಲು ತಟ್ಟಿದರೆ ತೆಗೆದುಬಿಡುತ್ತೇವಲ್ಲ, ನಮ್ಮ ದೇಹ ಇವುಗಳಿಗೆ ಮೋಸಹೋಗುವುದು ಹಾಗೆಯೇ. ಪ್ಲಾಸ್ಟಿಕ್ಕಿನಿಂದಲೂ ಅಂಥವು ನೀರಿಗೆ ಇಳಿಯುವುದರಿಂದ ಈ ಭಾರದ ಗಾಜಿನ ಸಂಸಾರ.

ಸವಣೂರಿನ ಬಸ್ಸಿನಲ್ಲಿ ನನಗೆ ಸೊನ್ನೆ ಟಿಕೆಟ್. ಪೆಟ್ಟಿಗೆ ಹೆಂಗಸಲ್ಲವಾದ್ದರಿಂದ ಅದಕ್ಕೆ ಲಗೇಜಿನ ದುಡ್ಡು ಕೊಟ್ಟೆ. ಕಂಡಕ್ಟರ್ ಬಗ್ಗಿ ನೋಡಿ, "ಏನೈತ್ರಿ ಅಕ್ಕಾರ ಇದರಾಗ? ಎಣ್ಣಿ ಏನ್ರಿ?" ಎಂದ.

ನಾನು ತುಮಕೂರಿನವಳು. ನಮ್ಮ ಕಡೆಯ ಹುಡುಗರ ಬಾಯಲ್ಲಿ ಎಣ್ಣೆ ಎಂದರೆ ಹೆಂಡ. "ಛೆ ಛೆ, ನಾನು ಕುಡಿಯಲ್ಲಪ್ಪ" ಎಂದೆ. ಇಡೀ ಬಸ್ಸು ನಕ್ಕಿತು.

"ಅದನ್ನ ಯಾರೂ ಕುಡೀಬಾರದ್ರಿ! ಬೆಳಿಗೆ ಹೊಡಿಯೋ ಎಣ್ಣಿ ಕೇಳಾಕತ್ತೇನಿ."

ಕೀಟನಾಶಕಕ್ಕೆ ಇಲ್ಲಿ ಎಣ್ಣಿ ಎನ್ನುತ್ತಾರೆಂದು ತಿಳಿದದ್ದು ಹೀಗೆ. ಆಮೇಲೆ ಹೋದಲ್ಲೆಲ್ಲ "ಎಣ್ಣಿ ಯಾವಾಗ ಹೊಡದ್ರಿ?" ಎಂದೇ ಕೇಳಿದೆ. ಜನ ಪರಿಚಯದವಳ ಜೊತೆ ಮಾತಾಡಿದಂತೆ ಮಾತಾಡಿದರು.

ಸವಣೂರಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಭಜಿ ತಿಂದು ಕಣ್ಣಲ್ಲಿ ನೀರು ಬಂತು. ಆ ನೀರನ್ನು ಮಾತ್ರ ಬಾಟಲಿಗೆ ಹಿಡಿಯಲಿಲ್ಲ. ಶಿಗ್ಗಾಂವಿಯ ಕಡೆ ಗೊಟಗೋಡಿಯ ಹೊಲವೊಂದರಲ್ಲಿ ಮಳೆ ಹಿಡಿದುಕೊಂಡಿತು. ನಾನು ನೆನೆದೆ, ಪೆಟ್ಟಿಗೆಗೆ ಕೊಡೆ ಹಿಡಿದೆ. ಮರುದಿನ ಹಾನಗಲ್ಲಿನ ಭತ್ತದ ಗದ್ದೆಗಳ ನಡುವೆ ಒಂದು ಬೋರ್‌ವೆಲ್ಲಿನ ಮೋಟಾರು ಸುಟ್ಟಿದ್ದರಿಂದ ಒಂದು ಬಾಟಲಿ ಖಾಲಿ ಉಳಿಯಿತು.

ಸಂಜೆ ಹಿರೇಕೆರೂರು ತಾಲ್ಲೂಕಿನ ಹಂಸಭಾವಿ ತಲುಪಿದೆ. ಹಾಸ್ಟೆಲ್ ಗೆಳತಿಯೊಬ್ಬಳ ಅಕ್ಕ ರೇಣುಕಾಳ ಮನೆಯಲ್ಲಿ ಆ ರಾತ್ರಿಯ ವಸತಿ. ಊರಿನಿಂದ ದೂರ, ರಸ್ತೆ ಬದಿಯ ಹೊಲದಲ್ಲೇ ಮನೆ. ಅವಳ ಅತ್ತೆ ಗಂಗವ್ವ ಬಿಸಿ ರೊಟ್ಟಿ, ಪುಂಡಿಪಲ್ಲೆ ಬಡಿಸಿ, ನಾನು ಸಾಕೆಂದಷ್ಟೂ ಹಾಕಿದರು. ರೇಣುಕಕ್ಕನಿಗೆ ಆರು ತಿಂಗಳು. ಉಂಡ ಮೇಲೆ ಅಂಗಳದಲ್ಲಿ ಮೆಲ್ಲಗೆ ಕೇಳಿದಳು:

"ಹ್ವಾದ ವರ್ಷ ಒಂದು ಹೋತವ್ವ, ಐದು ತಿಂಗಳಿಗೆ. ನಮ್ಮ ಬೋರಿನ ಬಾಜೂಕ ಎಣ್ಣಿ ಪಂಪ್ ತೊಳೀತಾರ. ಅದ ನೀರು ಕುಡೀತೇವಿ. ಅದರಿಂದ ಆಗಿದ್ದರ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಯಾರಿಗೂ ಹೇಳಕೂಡದೆಂದು ನಮ್ಮ ಲ್ಯಾಬಿನ ಮೇಡಂ ಹತ್ತು ಸಲ ಹೇಳಿ ಕಳಿಸಿದ್ದರು. ಅವಳ ಬೋರು ನಮ್ಮ ಯೋಜನೆಯಲ್ಲೂ ಇರಲಿಲ್ಲ. ಆದರೆ ಉಳಿದ ಬಾಟಲಿಯೊಂದಿತ್ತಲ್ಲ. ಬೆಳಿಗ್ಗೆ ಬೋರಿಗೆ ಕರೆಂಟ್ ಬರುವ ಹೊತ್ತಿಗೆ ನಾನು ಊರ ಕೆರೆಯಲ್ಲಿರಬೇಕಿದ್ದರಿಂದ ಅದನ್ನು ಅವಳ ಕೈಗೇ ಕೊಟ್ಟು, ಬಾಯಿತನಕ ತುಂಬಿ ಮುಚ್ಚಿಡಲು ಹೇಳಿದೆ. ಅವಳ ಮುಖ ಅರಳಿತು. ನನಗೂ ಅಪರೂಪಕ್ಕೆ ಉಪಯೋಗಕ್ಕೆ ಬಂದೆನೆನ್ನಿಸಿತು.

ಕೆರೆಯಿಂದ ಮರಳಿದಾಗ ಬಾಟಲಿ ಕಟ್ಟೆಯ ಮೇಲಿತ್ತು. ಗಂಗವ್ವ ಅದನ್ನು ಸೆರಗಿನಿಂದ ಒರೆಸುತ್ತಿದ್ದರು.

"ಮನಿಗೆ ಬಂದ ಮಗಳಿಗೆ ಬರೀ ನೀರ ಹೆಂಗ ಕೊಟ್ಟ ಕಳಿಸ್ಲಿ? ಒಂದ ಚಿಟಿಕಿ ಸಕ್ಕರಿ ಹಾಕೇನಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಸಕ್ಕರೆ ಯಾವ ಪ್ಲಾಸ್ಟಿಕ್ ಡಬ್ಬಿಯದೋ, ಯಾವ ಕೈಯದೋ. ಲ್ಯಾಬಿನಲ್ಲಿ ಆ ನೀರನ್ನು ಮುಟ್ಟುವುದಿಲ್ಲ. ಬಾಟಲಿಗಳನ್ನು ಲ್ಯಾಬಿನಲ್ಲೇ ತೊಳೆದು, ಒಲೆಯಲ್ಲಿ ಕಾಯಿಸಿ ಸಿದ್ಧಮಾಡುತ್ತಾರೆ. ಇಲ್ಲಿ ತೊಳೆದು ಮತ್ತೆ ತುಂಬುವಂತಿಲ್ಲ. ಗಂಗವ್ವನಿಗೆ "ಚಲೋ ಆತ್ರಿ" ಎಂದೆ, ಬರುವಷ್ಟು ಅವರ ಭಾಷೆಯಲ್ಲೇ. ಅವರು ಒಳಗೆ ಹೋದ ಮೇಲೆ ರೇಣುಕಕ್ಕನಿಗೆ ನಿಜ ಹೇಳಿದೆ.

ಅವಳು ಅತ್ತೆಯನ್ನು ಬೈಯಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

"ಹೋಗ್ಲಿ ಬಿಡು. ನೀ ಓದಿದಾಕಿ. ಕುಡೀಲೋ ಬ್ಯಾಡೋ, ಅಷ್ಟ ಹೇಳು."

ಮೇಡಂ ನೆನಪಾದರು. ಆದರೆ ಎದುರಿಗೆ ನಿಂತಿದ್ದವರು ಮೇಡಂ ಅಲ್ಲ.

"ಬ್ಯಾಡಕ್ಕ" ಎಂದುಬಿಟ್ಟೆ.

"ಆತು" ಎಂದಳು. ಅಷ್ಟು ಬೇಗ ನಂಬಿದ್ದು ಕಂಡು ನನಗೆ ಹೆದರಿಕೆಯಾಯಿತು.

ಊರಿನ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದೆ. ಡ್ರೈವರ್ ಹಾಕಿದ ಎರಡು ಹಾಡು ಮುಗಿಯುವ ಹೊತ್ತಿಗೆ ಎದುರಿನಿಂದ ರಸ್ತೆಯಂಚಿನಲ್ಲಿ ರೇಣುಕಕ್ಕ ಬರುತ್ತಿದ್ದಳು. ಟೊಂಕದ ಮೇಲೆ ಖಾಲಿ ಕೊಡ. ನನ್ನನ್ನು ಕಂಡು ನಕ್ಕು ಕೈ ಎತ್ತಿದಳು. ಬಸ್ಸಿಗೆ ಎರಡು ಹಾಡಿನ ದಾರಿ, ನಡೆಯುವ ಅವಳಿಗೆ ಎಷ್ಟು ಹೊತ್ತೋ; ಮರಳುವಾಗ ಆ ಕೊಡ ತುಂಬಿಯೂ ಇರುತ್ತದೆ ಎಂದು ಆಗ ಹೊಳೆಯಿತು.

"ಊರ ನಳಕ್ಕ ಹೊಂಟಾಳ ನೋಡ್ರಿ, ಬಸರಿ ಹೆಣ್ಮಗಳು" ಎಂದರು ಪಕ್ಕದ ಅಜ್ಜಿ.

"ಆ ನಲ್ಲಿಗೆ ನೀರು ಎಲ್ಲಿಂದ ಬರ್ತದ್ರಿ?"

"ಕೆರಿದು."

ಆ ಕೆರೆಯ ನೀರು ನನ್ನ ಮಡಿಲ ಪೆಟ್ಟಿಗೆಯಲ್ಲೇ ಇತ್ತು. ಅದರ ಫಲಿತಾಂಶಕ್ಕೂ ತಿಂಗಳುಗಳು ಬೇಕಿದ್ದವು. ಬಸ್ಸು ನಿಲ್ಲಿಸಿ ಎನ್ನಲು ಬಾಯಿ ತೆರೆದೆ. ಇಳಿದು ಅವಳಿಗೆ ಏನು ಹೇಳುವುದೆಂದು ತಿಳಿಯದೆ ಹಿಂದಿನ ಗಾಜಿನ ಕಡೆ ತಿರುಗಿ ಕುಳಿತೆ. ಅವಳು ತಿರುಗಿ ನೋಡದೆ, ನಾನು ಹೇಳಿದ ಮಾತಿನಂತೆ ನಡೆಯುತ್ತಲೇ ಇದ್ದಳು.