ಹೂ ಕೇಳಿದವರು ಯಾರು?

ಹಾಸನದ ನಮ್ಮ ಆಫೀಸಿನಲ್ಲಿ ಹೆಂಗಸರಿಗೆಂದು ಒಂದು ಭಾಷಣ ಇಟ್ಟಿದ್ದರು. ವ್ಯಕ್ತಿತ್ವ, ಮನಸ್ಸು, ಸಂತೋಷ, ಇಂಥವೇ. ಹಳೇಕೋಟೆ ಕಡೆಯ ಹಳ್ಳಿಗೆ ಸೊಸೆಯಾಗಿ ಹೋದ ನನ್ನ ಅಕ್ಕ ಆವತ್ತು ನಮ್ಮ ಮನೆಗೆ ಬಂದಿದ್ದಳು. ಅವಳನ್ನೂ ಕರೆದುಕೊಂಡು ಹೋದೆ. ಭಾಷಣಕಾರರು "ನಿಮ್ಮ ಸಂತೋಷ ನಿಮ್ಮ ಕೈಯಲ್ಲೇ ಇದೆ" ಎಂದು ಹೇಳಿ, ಅಕ್ಕನನ್ನೇ ಎಬ್ಬಿಸಿ ನಿಲ್ಲಿಸಿ, "ನಿಮಗೇನು ಬೇಕು ಹೇಳಿಮ್ಮಾ" ಎಂದರು. ಅಕ್ಕ ನನ್ನ ಮುಖ ನೋಡಿದಳು.

"ಏನಂತ ಯೋಳ್ಲಿ?"

ಸಭೆ ನಕ್ಕಿತು. "ಕೆಲವರ ಸ್ವಭಾವವೇ ಹೀಗೆ. ಬೀಗದ ಕೈ ಬೇರೆಯವರಿಗೆ ಕೊಟ್ಟುಬಿಟ್ಟಿರುತ್ತಾರೆ" ಎಂದು ಅವರೂ ನಕ್ಕರು.

ನನಗೆ ಮೈಯೆಲ್ಲ ಉರಿದುಹೋಯಿತು. ಕೊಟ್ಟಳಂತೆ! ಇವಳ ಕೈಗೆ ಬಂದಿದ್ದರಲ್ಲವೇ ಕೊಡುವುದು? ಚಿಕ್ಕವಳಿದ್ದಾಗ ಇದೇ ಅಕ್ಕ ಬೇಲಿ ಹಾರಿ ಸೀಬೆಕಾಯಿ ಕಿತ್ತು, ಅಟ್ಟಿಸಿಕೊಂಡು ಬಂದ ತೋಟದವರ ಕೈಗೇ ಒಂದು ಕಾಯಿಟ್ಟು ಕಳಿಸುತ್ತಿದ್ದಳು. ಅದು ಅವಳ ಸ್ವಭಾವ. ಈಗಿರುವುದು ಆ ಮನೆಯವರು ಮಾಡಿಟ್ಟದ್ದು.

ಆ ಮನೆಯಲ್ಲಿ ಏನೇ ಮಾಡಬೇಕಾದರೂ ಊರಮ್ಮನ ಗುಡಿಯಲ್ಲಿ ಹೂ ಕೇಳುತ್ತಾರೆ. ಪೂಜಾರಿ ದೇವಿಯ ಎರಡೂ ಕಡೆ ಒದ್ದೆ ಹೂ ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ ಎಂದರ್ಥ. ನಾನೂ ಕೈಮುಗಿಯುವವಳೇ, ದೇವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟೆಲ್ಲ ಕೇಳುವವರ ಮೇಲೆ. ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ ಖಾಲಿಯಾದಾಗ ಅಕ್ಕ ಬಲು ಆಸೆಪಟ್ಟಿದ್ದಳು. ಅತ್ತೆ ಗುಡಿಗೆ ಹೋಗಿ ಕೇಳಿದ್ದು ಹೀಗೆ: "ತಾಯಿ, ಸೊಸೆ ಮನೇಲೇ ಇರ್ಲಿ ಅನ್ನಂಗಿದ್ರೆ ಬಲಗಡೆ ಕೊಡವ್ವ." ಹೂ ಬೀಳುವವರೆಗೂ ಜಪ್ಪಯ್ಯ ಅಂದರೂ ಏಳಲಿಲ್ಲ. ಎಡಗಡೆಯದು ಬಿದ್ದರೆ ಮಡಿ ಕೆಟ್ಟಿರಬೇಕು ಎಂದು ಮತ್ತೆ ಕೇಳುವುದು ಅವರ ರೂಢಿ. ಆವತ್ತು ಬಲಗಡೆಯದೇ ಬಿತ್ತು. ಕೆಲಸ ಬೇರೆಯವರ ಪಾಲಾಯಿತು. ಅವಳ ಬಾಯಿ ಕಟ್ಟಿದ್ದೂ ಅವರೇ, ಆಮೇಲೆ "ಅವಳ ಗುಣಾನೇ ಸಪ್ಪೆ ಕಣವ್ವ" ಎಂದು ಊರಿಗೆಲ್ಲ ಹೇಳಿದ್ದೂ ಅವರೇ.

ಭಾಷಣ ಮುಗಿಸಿ ಬರುವಾಗ ಆಟೋದಲ್ಲಿ ಇದನ್ನೆಲ್ಲ ಕೂಗಾಡಿದೆ. ಅಕ್ಕ ಸುಮ್ಮನೆ ಕೇಳಿಸಿಕೊಂಡು, "ಅಂಗಾರೆ ಎಂಗ್ ಕೇಳ್ಬೇಕಿತ್ತು?" ಎಂದಳು. "ನಿನಗೆ ಬೇಕಾದ ಹಾಗೆ!" ಎಂದು ರೇಗಿದೆ.

ಈ ವರ್ಷ ಅದೇ ಕೆಲಸ ಮತ್ತೆ ಖಾಲಿಯಾಯಿತು. ಮತ್ತೆ ಗುಡಿ, ಮತ್ತೆ ಒದ್ದೆ ಹೂ. ನಾನೂ ಹೋಗಿದ್ದೆ. ಅತ್ತೆ ಬಾಯಿ ತೆರೆಯುವ ಮೊದಲೇ ಅಕ್ಕ, "ತಡೀರಿ ಅತ್ತೆ, ಈ ಸಲ ನಾನ್ ಕೇಳ್ತೀನಿ" ಎಂದು ಮುಂದೆ ಹೋಗಿ ಕೂತಳು.

"ತಾಯಿ, ನಾನ್ ಕೆಲ್ಸುಕ್ಕೋಯ್ತೀನಿ. ಬ್ಯಾಡ ಅನ್ನಂಗಿದ್ರೆ ಈಗ್ಲೇ ಎಡಗಡೆ ಕೊಟ್ಬುಡು."

ಯಾವ ಕಡೆಯ ಹೂವೂ ಅಲ್ಲಾಡಲಿಲ್ಲ. ಪೂಜಾರಿ ಮಂಗಳಾರತಿ ಎತ್ತಿ ಇಳಿಸಿದರು. ಅಕ್ಕ ಆರತಿ ತೆಗೆದುಕೊಂಡು ಎದ್ದು ನಿಂತಳು.

"ಇನ್ನೂ ಊವೇ ಬಿದ್ದಿಲ್ಲ, ಕೂತ್ಕೊಳ್ಳೇ!" ಅತ್ತೆ ಗದರಿದರು.

"ಬ್ಯಾಡ ಅನ್ನಲಿಲ್ವಲ್ಲತ್ತೆ" ಎಂದು ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಬೀಳೋಗಂಟ ನೀವ್ ಕೂತಿರಿ. ನಾನ್ ಸ್ಕೂಲ್ತಾವ್ಕೆ ಓಯ್ತೀನಿ."