ಕೆಂಪು ಮಾತ್ರೆ ಕೊಡುವುದಿಲ್ಲ

ನನ್ನ ಬೆರಳುಗಳನ್ನು ನಾನೇ ಹಾಳು ಮಾಡಿಕೊಂಡೆ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ತಾಮ್ರದ ತಂತಿ ಸುತ್ತಿ ನಿವೃತ್ತಳಾದವಳು ನಾನು. ನಮಗೆಲ್ಲ ಪ್ರತಿ ತಿಂಗಳು ಕಾರ್ಖಾನೆಯ ಡಿಸ್ಪೆನ್ಸರಿಯಲ್ಲಿ ಔಷಧಿ ಕೊಡುತ್ತಾರೆ. ಬಟ್ಟೆ ಚೀಲ ಹಿಡಿದು ಹೋಗುತ್ತೇವೆ, ತುಂಬಿಸಿಕೊಂಡು ಹೊರಗೆ ಬಂದು ಹೊಂಗೆ ಮರದ ಕೆಳಗಿನ ಕಟ್ಟೆಯ ಮೇಲೆ ಕೂರುತ್ತೇವೆ. ಅಲ್ಲಿ ನಮ್ಮ ಸಂತೆ ಶುರು. ಗ್ಯಾಸಿನ ಮಾತ್ರೆ ಕೊಟ್ಟು ಕ್ಯಾಲ್ಸಿಯಂ ತೆಗೆದುಕೊಳ್ಳುವವರು, ಕ್ಯಾಲ್ಸಿಯಂ ಕೊಟ್ಟು ಕಬ್ಬಿಣಾಂಶದ ಮಾತ್ರೆ ಕೇಳುವವರು. ಶಕ್ತಿಯ ಮಾತ್ರೆ ತಾನೇ, ಯಾರು ನುಂಗಿದರೇನು ಎಂಬುದು ನಮ್ಮೆಲ್ಲರ ನಂಬಿಕೆ.

ನನಗೆ ಸಕ್ಕರೆ ಕಾಯಿಲೆಯ ಮಾತ್ರೆಯ ಜೊತೆ ಸಣ್ಣದೊಂದು ಕೆಂಪು ಮಾತ್ರೆಯನ್ನೂ ಬರೆದಿದ್ದರು. ಅದನ್ನು ಕಂಡರೆ ನನ್ನ ಗೆಳತಿಗೆ ಆಸೆ. ಕಾರ್ಖಾನೆಯಲ್ಲಿ ನನ್ನ ಪಕ್ಕದಲ್ಲೇ ಕೂತು ತಂತಿ ಸುತ್ತಿದವಳು ಅವಳು.

"ಅದು ಬಾಯಿಹುಣ್ಣಿನ ಮಾತ್ರೆ ಕಣೆ, ನಂಗಿರ್ಲಿ. ನಿಂಗೆ ಮೂಳೆ ಮುಖ್ಯ, ಈ ಕ್ಯಾಲ್ಸಿಯಂ ಇಟ್ಕೋ" ಎಂದಳು.

ಎರಡು ವರ್ಷ ಹೀಗೆಯೇ ಅದಲು ಬದಲು ನಡೆಯಿತು. ಹೊರಮಾವಿನಲ್ಲಿ ಮನೆ ಮಾಡಿಕೊಂಡಿರುವ ಮಗ ತಂದ ಪ್ರೋಟೀನ್ ಪುಡಿ, ಮೀನೆಣ್ಣೆಯ ಗುಳಿಗೆ ಬೇರೆ. ಬೆಳಗ್ಗೆ ಅಂಗೈ ತುಂಬ ನುಂಗಿ ನೀರು ಕುಡಿದರೆ ತಿಂಡಿಯೇ ಬೇಡವಾಗುತ್ತಿತ್ತು. ಆರೋಗ್ಯವನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುವವಳು ಬೀದಿಯಲ್ಲೇ ಇಲ್ಲ ಎಂಬ ಜಂಬ ನನಗೆ.

ನಿವೃತ್ತಿಯ ನಂತರ ನಾನು ಸೀರೆಗೆ ಕುಚ್ಚು ಕಟ್ಟುತ್ತಿದ್ದೆ. ಶಿವಾಜಿನಗರದ ಸೀರೆ ಅಂಗಡಿಯವರು ರೇಷ್ಮೆ ಸೀರೆ ಕೊಡುತ್ತಾರೆ, ನಾನು ಸೆರಗಿಗೆ ಸೂಜಿಯಿಂದ ದಾರ ಎಳೆದು ಗಂಟು ಹಾಕುತ್ತೇನೆ. ಕಾರ್ಖಾನೆಯಲ್ಲಿ ಮಾಡಿದ್ದೆಲ್ಲ ಇನ್ನೊಬ್ಬರು ಹೇಳಿದ ಕೆಲಸ. ಇದು ನನ್ನದು. ಇದನ್ನು ಬಿಟ್ಟರೆ ನಾನು ಯಾರು ಎಂದು ನನಗೇ ಗೊತ್ತಿಲ್ಲ.

ಒಂದು ದಿನ ಮಾವಿನ ಹಣ್ಣಿನ ಬಣ್ಣದ ಸೀರೆಯೊಂದನ್ನು ಒಪ್ಪಿಸಲು ಹೋದೆ. ಅಂಗಡಿಯವರು ಸೆರಗು ಹರಡಿದರು. ಅಂಚಿನಲ್ಲಿ ಮೂರು ಕಂದು ಕಲೆ.

"ಸೀರೆ ಹೋಗ್ಲಿ ಬಿಡಿ ಆಪಾ, ಮೊದ್ಲು ಕೈ ತೋರ್ಸಿ" ಎಂದರು ಅವರು. ಅಕ್ಕ ಅನ್ನುವುದು ಅವರ ಬಾಯಲ್ಲಿ ಆಪಾ.

ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಗಾಯಗಳಿದ್ದವು. ರಕ್ತ ಬಂದಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಅಲ್ಲೇ ಬೆರಳಿಗೆ ಸೂಜಿ ಮುಟ್ಟಿಸಿ ನೋಡಿದೆ, ಏನೂ ತಿಳಿಯಲಿಲ್ಲ.

ಮಗನಿಗೆ ಫೋನ್ ಮಾಡಿ ಹೇಳಿದೆ. "ಸಾಕು ಬಿಡಮ್ಮ. ಈ ವಯಸ್ಸಲ್ಲಿ ಯಾಕೆ ಬೇಕು ನಿಂಗೆ ಈ ಕುಚ್ಚಿನ ಕೆಲಸ? ಆರಾಮಾಗಿರು" ಎಂದ.

"ಸುಮ್ನೆ ಕೂರೋಕೆ ನಾನೇನು ಷೋಕೇಸ್ ಗೊಂಬೆನಾ?" ಎಂದು ಫೋನ್ ಇಟ್ಟೆ.

ಡಿಸ್ಪೆನ್ಸರಿಯ ಡಾಕ್ಟರಮ್ಮನ ಮೇಜಿನ ಮೇಲೆ ನನ್ನ ಚೀಲ ಸುರಿದೆ. ಆಕೆ ಒಂದೊಂದೇ ಮಾತ್ರೆ ಪಟ್ಟಿ ತೆಗೆದು ನೋಡಿದರು.

"ನಾನು ಬರೆದಿದ್ದ ಕೆಂಪು ಮಾತ್ರೆ ಎಲ್ರೀ?"

"ಬದಲಾಯಿಸ್ಕೊಂಡೆ."

ಆಕೆ ಪೆನ್ನು ಕೆಳಗಿಟ್ಟರು. "ನಿಮ್ಮ ಶುಗರ್ ಮಾತ್ರೇನ ವರ್ಷಗಟ್ಟಲೆ ತಗೊಂಡ್ರೆ ಮೈಯಲ್ಲಿ ಬಿ ಟ್ವೆಲ್ವ್ ವಿಟಮಿನ್ ಕಮ್ಮಿ ಆಗ್ಬಹುದು. ಆಗ ನರಕ್ಕೇ ಪೆಟ್ಟು. ಅದಕ್ಕೇ ಅಲ್ವಾ ಬರೆದಿದ್ದು?"

ರಕ್ತ ಪರೀಕ್ಷೆ ಅದನ್ನೇ ಹೇಳಿತು. ಇಂಜೆಕ್ಷನ್ ಶುರುವಾಯಿತು. ಸ್ಪರ್ಶ ಪೂರ್ತಿ ಮರಳುತ್ತದೆಂದು ಮಾತು ಕೊಡಲಾರೆ ಎಂದರು ಡಾಕ್ಟರಮ್ಮ. ನಾಚಿಕೆಯಾಯಿತು. ಮನೆ ತಲುಪುವಷ್ಟರಲ್ಲಿ ಆ ನಾಚಿಕೆ ನನ್ನ ಮೇಲಿನ ಸಿಟ್ಟಾಗಿತ್ತು. ಪ್ರೋಟೀನ್ ಡಬ್ಬಿಯನ್ನು ಮಗನಿಗೇ ವಾಪಸ್ ಕೊಟ್ಟೆ. ಬೆಳಗ್ಗೆ ರಾಗಿ ರೊಟ್ಟಿ, ಸೊಪ್ಪಿನ ಪಲ್ಯ ಕೂತು ತಿಂದೆ.

ಕೆಲವು ತಿಂಗಳಾದ ಮೇಲೆ ಮತ್ತೆ ಕಟ್ಟೆಗೆ ಹೋದೆ. ಆಗ ಇಂಜೆಕ್ಷನ್ ಮುಗಿದು ಮತ್ತೆ ಕೆಂಪು ಮಾತ್ರೆ ಬಂದಿತ್ತು. ಗೆಳತಿ ಕೈ ಚಾಚಿದಳು.

"ಎಲ್ಲೇ, ನಿನ್ನ ಕೆಂಪು ಕೊಡು."

"ಕೊಡಲ್ಲ."

"ಒಂದು ಮಾತ್ರೆಗೆ ಇಷ್ಟು ಸೊಕ್ಕಾ?"

"ಹೂಂ, ಸೊಕ್ಕೇ. ನಿಂಗೂ ಬೇಕಂದ್ರೆ ಒಳಗೆ ಹೋಗಿ ರಕ್ತ ಕೊಟ್ಟು ಕೇಳು."

ನಾನು ಎದ್ದು ಹೋಗಲಿಲ್ಲ. ಅವರೆದುರೇ ಮಾತ್ರೆ ನುಂಗಿ, ಚೀಲದಿಂದ ಸೀರೆ ತೆಗೆದು ತೊಡೆಯ ಮೇಲೆ ಹರಡಿದೆ. ಎಡಗೈಯ ಎರಡು ಬೆರಳಿಗೆ ಇವತ್ತಿಗೂ ಸ್ಪರ್ಶವಿಲ್ಲ. ಅವಕ್ಕೆ ಬಟ್ಟೆ ಸುತ್ತಿಕೊಂಡು, ಉಳಿದ ಎಂಟರಲ್ಲಿ ಕುಚ್ಚು ಕಟ್ಟುತ್ತೇನೆ.