ಐವತ್ತಾರು ದಿನ ಕಾಯುವ ಮೊಟ್ಟೆ ಅಕ್ಕ

ಬೆಳಗಿನ ಆರು ಗಂಟೆ. ಕ್ಷಯರೋಗ ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಉಕ್ಕಿನ ತೊಟ್ಟಿಯ ಮುಂದೆ ನಿಂತ ಐವತ್ತೊಂದು ವರ್ಷದ ಮಹಿಳೆಯೊಬ್ಬರು ಮೊಟ್ಟೆಗಳನ್ನು ಒಂದೊಂದಾಗಿ ಸೋಪಿನ ನೀರಿಗೆ ಅದ್ದಿ, ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ನಲ್ಲಿಯ ಕೆಳಗೆ ಹಿಡಿಯುತ್ತಾರೆ. ಇವತ್ತಿಗೆ ನಲವತ್ತೆಂಟು. ತೊಳೆದವು ಕಾಲು ಗಂಟೆ ಸ್ಪಿರಿಟ್‌ನಲ್ಲಿ ಮುಳುಗಿರಬೇಕು. ಆಮೇಲೆ ಒಂದೊಂದನ್ನೇ ಗಾಜಿನ ಲೋಟಕ್ಕೆ ಒಡೆದು, ಬೆಳಕಿಗೆ ಹಿಡಿದು ನೋಡಿ, ಸರಿಯಿದ್ದರೆ ದೊಡ್ಡ ಪಾತ್ರೆಗೆ ಸುರಿಯಬೇಕು.

ಮೂವತ್ತೊಂದನೆಯ ಮೊಟ್ಟೆ ಕೈಜಾರಿ ನೆಲಕ್ಕೆ ಬೀಳುತ್ತದೆ. "ವರ್ಷಕ್ಕೊಂದು ಬಿದ್ರೆ ಹೆಚ್ಚು. ಈ ತಿಂಗಳಲ್ಲಿ ಇದು ನಾಲ್ಕನೇದು," ಎನ್ನುತ್ತ ಅವರು ಬಟ್ಟೆ ತಂದು ಒರೆಸುತ್ತಾರೆ. ಇವತ್ತು ಗುರುವಾರ, ಬಾಟಲಿಗಳನ್ನು ನೋಡುವ ದಿನ. ಒಳಕೋಣೆಯಲ್ಲಿರುವ ಕಾವಿನ ಪೆಟ್ಟಿಗೆಯ ಮೂರನೇ ಹಲಗೆಯ ಮೇಲೆ ಅವರ ಗಂಡನ ಕಫ ಹಚ್ಚಿದ ಬಾಟಲಿ ಇದೆ. ಅದಕ್ಕೆ ಇವತ್ತು ನಲವತ್ತೊಂಬತ್ತನೇ ದಿನ.

ಬೀದಿಯವರಿಗೆ ಇವರು ಮೊಟ್ಟೆ ಅಕ್ಕ. ತಿಂಗಳಿಗೆರಡು ಸಲ ಮೊಟ್ಟೆಯ ಟ್ರೇ ಹಿಡಿದು ಬಸ್ಸು ಹತ್ತುವ ಇವರು ಬೇಕರಿಯಲ್ಲಿದ್ದಾರೆ ಎಂದು ಪಕ್ಕದ ಮನೆಯಾಕೆ ಹನ್ನೊಂದು ವರ್ಷ ನಂಬಿದ್ದರಂತೆ. "ಒಂದು ದಿನವಾದ್ರೂ ಒಂದು ತುಂಡು ಕೇಕ್ ತಂದುಕೊಟ್ಟಿಲ್ಲ, ಎಂಥ ಜಿಪುಣಿ ಅಂತ ಒಳಗೊಳಗೇ ಬೈಕೊಳ್ತಿದ್ರಂತೆ. ನಾವು ಇಲ್ಲಿ ಬೇಯಿಸೋದನ್ನ ತಿಂದ್ರೆ ಅಷ್ಟೇ ಕಥೆ."

ಇವರು ಬೇಯಿಸುವುದು ಕ್ಷಯದ ಕ್ರಿಮಿಗೆ ಊಟ. ಆ ಕ್ರಿಮಿ ಬಲು ನಿಧಾನಿ. ಬೇರೆ ಕ್ರಿಮಿಗಳು ರಾತ್ರಿ ಬೆಳಗಾಗುವುದರಲ್ಲಿ ಬೆಳೆದು ನಿಂತರೆ, ಇದಕ್ಕೆ ವಾರಗಟ್ಟಲೆ ಬೇಕು. ಮೊಟ್ಟೆಗೆ ಲವಣದ ನೀರು ಮತ್ತು ಹಸಿರು ಬಣ್ಣ ಬೆರೆಸಿ, ತೆಳುಬಟ್ಟೆಯಲ್ಲಿ ಸೋಸಿ, ಪುಟ್ಟ ಗಾಜಿನ ಬಾಟಲಿಗಳಿಗೆ ತುಂಬಿ, ಓರೆಯಾಗಿ ಮಲಗಿಸಿ ಎಂಬತ್ತೈದು ಡಿಗ್ರಿಯಲ್ಲಿ ಐವತ್ತು ನಿಮಿಷ ಕಾಯಿಸಿದರೆ ಮೊಟ್ಟೆ ಗಟ್ಟಿಯಾಗಿ ಹಸಿರು ಇಳಿಜಾರಾಗುತ್ತದೆ. ನಲವತ್ತೆಂಟು ಮೊಟ್ಟೆಗೆ ನಾನೂರು ಚಿಲ್ಲರೆ ಬಾಟಲಿ. ಒಬ್ಬ ರೋಗಿಯ ಕಫಕ್ಕೆ ಎರಡು. ಪೆಟ್ಟಿಗೆಯಲ್ಲಿ ಯಾವಾಗ ನೋಡಿದರೂ ಒಂಬೈನೂರು ಬಾಟಲಿಗಳು ಮೂವತ್ತೇಳು ಡಿಗ್ರಿಯಲ್ಲಿ ಮಲಗಿರುತ್ತವೆ. ವಾರಕ್ಕೊಮ್ಮೆ ನೋಡುತ್ತಾರೆ. ಹಸಿರಿನ ಮೇಲೆ ಕೆನೆಬಣ್ಣದ ಒರಟು ಕಣಗಳು ಎದ್ದರೆ ರೋಗವಿದೆ. ಐವತ್ತಾರು ದಿನ ಕಳೆದರೂ ಏನೂ ಏಳದಿದ್ದರೆ ಮಾತ್ರ 'ಇಲ್ಲ' ಎಂದು ಬರೆದುಕೊಡುತ್ತಾರೆ.

ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. "ನಮ್ಮ ಭಾಷೇಲಿ ಒಂದೇ ಮಾತು ನೋಡಿ, ಕಾಯೋದು. ಬಾಟ್ಲಿ ಒಲೆ ಮೇಲೆ ಕಾಯುತ್ತೆ. ಎಂಟು ವಾರ ನಾವು ಕಾಯ್ತೀವಿ. ದೇವರು ನಮ್ಮನ್ನ ಕಾಯ್ತಾನೆ. ಮೂರೂ ಒಂದೇ ಹೊತ್ತಿಗೆ ನಡೀತಿರುತ್ತೆ ಅಂತ ಹೊಸದಾಗಿ ಬಂದ ಟೆಕ್ನಿಷಿಯನ್‌ಗಳಿಗೆ ಹೇಳ್ತಿದ್ದೆ. ದೊಡ್ಡ ಉಪದೇಶಿ ಥರ." ಅವರು ತುಟಿ ಓರೆ ಮಾಡುತ್ತಾರೆ. "ಬೇರೆಯವರ ಬಾಟ್ಲಿ ಇದ್ದಾಗ ಬಾಯಿಗೆ ಮಾತು ಚೆನ್ನಾಗಿ ಬರುತ್ತೆ."

ಗಂಡ ಮನೆಗಳಿಗೆ ಬಣ್ಣ ಬಳಿಯುವ ಪೇಂಟರ್. ಎರಡು ವರ್ಷದ ಹಿಂದೆ ಅವರಿಗೆ ಕ್ಷಯ ಬಂದು, ಆರು ತಿಂಗಳ ಔಷಧ ಒಂದು ದಿನವೂ ತಪ್ಪದೆ ಮುಗಿದಿತ್ತು. ಈಚೆಗೆ ಮತ್ತೆ ಕೆಮ್ಮು. ಎರಡು ಗಂಟೆಯಲ್ಲಿ ಉತ್ತರ ಹೇಳುವ ಯಂತ್ರಕ್ಕೆ ಕಫ ಹಾಕಿದರೆ 'ಇದೆ, ತೀರಾ ಸ್ವಲ್ಪ' ಎಂದಿತು. ಒಮ್ಮೆ ರೋಗ ಬಂದು ಹೋದವರಲ್ಲಿ ಯಂತ್ರ ಎಡವುವುದುಂಟು. ಕ್ರಿಮಿ ಇದೆಯೆಂದು ಅದು ಹೇಳಬಲ್ಲದು, ಅದು ಬದುಕಿದೆಯೋ ಹಳೆಯ ಹೆಣವೋ ಎಂದು ಹೇಳಲಾರದು. ಬದುಕಿದ್ದರೆ ಮೊಟ್ಟೆಯ ಮೇಲೆ ಬೆಳೆಯುತ್ತದೆ. ಬೆಳೆದರೆ, ಮೊದಲ ಔಷಧಕ್ಕೆ ಬಗ್ಗದ ಕ್ರಿಮಿಯೇನೋ ಎಂದು ನೋಡಬೇಕು. ಹಾಗಿದ್ದರೆ ಚಿಕಿತ್ಸೆ ಇನ್ನೂ ದೀರ್ಘ, ಇನ್ನೂ ಕಠಿಣ. ಜ್ವರವಿಲ್ಲ, ತೂಕ ಇಳಿದಿಲ್ಲ, ಹಾಗಾಗಿ ಕಾಯೋಣ ಎಂದರು ವೈದ್ಯರು.

ಅಂದಿನಿಂದ ಗಂಡ ಮುಂದಿನ ಕೋಣೆಯಲ್ಲಿ ಕಿಟಕಿ ತೆರೆದಿಟ್ಟು ಮಲಗುತ್ತಾರೆ, ಹೆಂಡತಿ ಒಳಗೆ. ತಟ್ಟೆ ಲೋಟದಿಂದ ಈ ರೋಗ ಹರಡುವುದಿಲ್ಲ ಎಂದು ಇಡೀ ಬೀದಿಗೆ ಹೇಳಿಕೊಟ್ಟವರು ಇವರೇ. ಆದರೂ ಗಂಡನ ಲೋಟವನ್ನು ಎರಡು ಸಲ ತೊಳೆಯುತ್ತಾರೆ. ಗಂಡ ಅದನ್ನು ನೋಡಿದ್ದಾರೆ. ಅವರ ತಮಾಷೆ ಬೇರೆ ದಾರಿಯದು. "ಎಲ್ಲಾ ಕೋಳಿ ಕಾವಿಗೆ ಕೂತು ಆಮೇಲೆ ಮೊಟ್ಟೆ ಒಡೆಯುತ್ತೆ. ಮೊದ್ಲು ಒಡೆದು ಆಮೇಲೆ ಕಾವಿಗೆ ಕೂರೋ ಕೋಳಿ ನೀನೊಬ್ಬಳೇ ಕಣೇ."

ಮೂವತ್ತನೇ ದಿನ ಈ ಕೋಳಿ ಎಡವಿತು. ಅಂದು ಶನಿವಾರ, ನೋಡುವ ದಿನವಲ್ಲ. ಮನೆಯವರ ಬಾಟಲಿಯನ್ನು ತಾವೇ ನೋಡಬಾರದು ಎಂಬುದು ಇಲ್ಲಿನ ಕಟ್ಟುನಿಟ್ಟಿನ ನಿಯಮ. ಬಾಟಲಿಯ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ಆದರೆ ಆ ಸಂಖ್ಯೆಯ ಚೀಟಿ ಅಂಟಿಸಿದವರು ಇವರೇ. ನೆಲ ಒರೆಸಲು ಒಳಗೆ ಹೋದವರು ಪೆಟ್ಟಿಗೆಯ ಬಾಗಿಲು ತೆಗೆದರು, ಗಂಡನ ಎರಡು ಬಾಟಲಿಗಳಲ್ಲಿ ಒಂದನ್ನು ಎತ್ತಿ ಕಿಟಕಿಗೆ ಹಿಡಿದರು. ಹಸಿರಿನ ನಟ್ಟನಡುವೆ ಸಾಸಿವೆ ಗಾತ್ರದ ಕೆನೆಬಣ್ಣದ ಚುಕ್ಕೆ.

"ಬಾಟ್ಲಿ ಇಟ್ಟು, ಬಾಗಿಲು ಹಾಕಿ, ನೆಲ ಒರೆಸಿ ಮನೆಗೆ ಹೋದೆ. ಅವರು ಟೀ ಮಾಡಿಟ್ಟಿದ್ರು. ಏನೇ ಮುಖ ಹಿಂಗಿದೆ ಅಂದ್ರು. ಬಸ್ಸಲ್ಲಿ ನಿಂತ್ಕೊಂಡು ಬಂದೆ ಅಂದೆ."

ಮರುದಿನ ಚರ್ಚಿನಲ್ಲಿ ಭಾನುವಾರದ ಆರಾಧನೆ. ಅವರ ಸಭೆಯಲ್ಲಿ ಪ್ರಾರ್ಥನೆಗೆ ಉತ್ತರ ಸಿಕ್ಕವರು ಎದ್ದು ನಿಂತು ಸಾಕ್ಷಿ ಹೇಳುವ ರೂಢಿಯಿದೆ. ಅಂದು ಇಬ್ಬರು ಹೇಳಿದರು. ಒಬ್ಬರ ಮಗಳಿಗೆ ಕೆಲಸ ಸಿಕ್ಕಿತ್ತು, ಇನ್ನೊಬ್ಬರ ಗಡ್ಡೆ ಕರಗಿತ್ತು. ಆರಾಧನೆ ಮುಗಿದ ಮೇಲೆ ಪಾಸ್ಟರ್ ಇವರ ಬಳಿ ಬಂದು, "ಬೇಗ ನೀವೂ ನಿಂತು ಹೇಳೋ ಹಾಗಾಗಲಿ ಅಮ್ಮ," ಎಂದರು. ಇವರು ಕೇಳಿದರು: "ಇನ್ನೂ ಕಾಯ್ತಾ ಇರೋರು ಏನು ಹೇಳ್ಬೇಕು ಅಯ್ಯನವರೇ? ನಮ್ಮದು ಸಾಕ್ಷಿ ಅಲ್ವಾ?" ಪಾಸ್ಟರ್, "ಅದೂ ಸಾಕ್ಷಿನೇ. ಆದ್ರೆ ಯಾರೂ ಎದ್ದು ನಿಲ್ಲಲ್ಲ," ಎಂದರಂತೆ.

ಸೋಮವಾರ ಬೆಳಿಗ್ಗೆ ಅವರು ಪ್ರಯೋಗಾಲಯದ ಮುಖ್ಯಸ್ಥೆಯ ಮುಂದೆ ನಿಂತು ತಪ್ಪೊಪ್ಪಿಕೊಂಡರು. ಎಲ್ಲರೂ ಡಾಕ್ಟರಮ್ಮ ಎಂದು ಕರೆಯುವ ಆಕೆ ಬಾಟಲಿಯನ್ನು ಕ್ರಿಮಿ ಹೊರಗೆ ಹರಡದಂತೆ ತಡೆಯುವ ಸುರಕ್ಷಾ ಪೆಟ್ಟಿಗೆಯೊಳಗಿಟ್ಟು ಮುಚ್ಚಳ ತೆಗೆದು, ಚುಕ್ಕೆಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕ್ರಿಮಿ ಇರಲಿಲ್ಲ. "ಇದು ನಿಮ್ಮದೇ ಮೊಟ್ಟೆ ಕಣ್ರೀ," ಎಂದರು. ಸೋಸುವಾಗ ಬಟ್ಟೆಯಿಂದ ನುಸುಳಿದ ಹಳದಿಯ ಗಂಟು. ಬೇರೆಯವರ ಬಾಟಲಿಯಾಗಿದ್ದರೆ ಇವರು ಒಂದೇ ನೋಟಕ್ಕೆ ಅದನ್ನು ಗುರುತಿಸುತ್ತಿದ್ದರು.

ಆದರೆ ಮುಚ್ಚಳ ತೆಗೆದ ಬಾಟಲಿ ಇನ್ನು ಲೆಕ್ಕಕ್ಕಿಲ್ಲ. ಜೋಡಿಯಲ್ಲಿ ಉಳಿದದ್ದು ಒಂದೇ. ಡಾಕ್ಟರಮ್ಮ ಬೈಯಲಿಲ್ಲ, ಕಾವಿನ ಪೆಟ್ಟಿಗೆಯ ಬೀಗದ ಕೈ ಮಾತ್ರ ವಾಪಸ್ ತೆಗೆದುಕೊಂಡರು. "ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಮೊಟ್ಟೆ ಅಕ್ಕ. "ದೇವರ ಮೇಲೆ ಭಾರ ಹಾಕಿದ್ದೀನಿ ಅಂತ ಊರಿಗೆಲ್ಲಾ ಹೇಳ್ಕೊಂಡು ಬರ್ತೀನಿ. ಬೆಳಿಗ್ಗೆ ಹಾಕ್ತೀನಿ, ಮಧ್ಯಾಹ್ನ ಹೋಗಿ ವಾಪಸ್ ಎತ್ಕೊಂಡು ಬರ್ತೀನಿ. ಆ ಪೆಟ್ಟಿಗೆ ಬಾಗಿಲು ಸುಮ್ಮನೆ ಸುಮ್ಮನೆ ತೆಗೆದ್ರೆ ಕಾವು ಇಳಿಯುತ್ತೆ, ಒಳಗಿರೋ ಒಂಬೈನೂರು ಬಾಟ್ಲಿಗೂ ತೊಂದ್ರೆ. ಅದು ಗೊತ್ತಿದ್ದೂ ತೆಗೆದೆ. ನಂಬಿಕೆ ಅಂದ್ರೆ ಏನೂ ಆಗಲ್ಲ ಅಂತ ಎದೆ ತಟ್ಟಿ ಹೇಳೋದು ಅಂದ್ಕೊಂಡಿದ್ದೆ. ನನಗಂತೂ ಈಗ ಅಷ್ಟು ಬರಲ್ಲ. ಕೈ ಸುಮ್ಮನಿಟ್ಕೊಂಡ್ರೆ ಅದೇ ದೊಡ್ಡದು."

ಹನ್ನೊಂದು ಗಂಟೆಗೆ ಟೆಕ್ನಿಷಿಯನ್ ಬಾಟಲಿಗಳನ್ನು ನೋಡಲು ಶುರು ಮಾಡುತ್ತಾನೆ. ಮೊದಲಾದರೆ ಪಕ್ಕದಲ್ಲಿ ನಿಂತು ಬಾಟಲಿ ಸ್ಟ್ಯಾಂಡ್ ಹಿಡಿಯುತ್ತಿದ್ದ ಮೊಟ್ಟೆ ಅಕ್ಕ ಈಗ ಬಾಗಿಲಿನಾಚೆ ಖಾಲಿ ಬಾಟಲಿಗಳ ಮುಚ್ಚಳ ಎಣಿಸುತ್ತಾರೆ. ನೂರಾ ಎಂಟಕ್ಕೆ ಲೆಕ್ಕ ತಪ್ಪಿ ಮೊದಲಿನಿಂದ ಎಣಿಸುತ್ತಾರೆ. ಮತ್ತೆ ತಪ್ಪುತ್ತದೆ. ಹನ್ನೆರಡೂಕಾಲಿಗೆ ಬಾಗಿಲು ತೆರೆಯುತ್ತದೆ.

"ಅಕ್ಕ, ಇವತ್ತಿಗೆ ಏನೂ ಇಲ್ಲ."

"ಸರಿಯಾಗಿ ಬೆಳಕಿಗೆ ಹಿಡಿದೆಯಾ?"

"ಹಿಡಿದೆ. ಡಾಕ್ಟರಮ್ಮನೂ ನೋಡಿದ್ರು. ಏಳು ವಾರ ಆಯ್ತಲ್ಲ ಅಕ್ಕ, ಇನ್ನೇನು ಬರುತ್ತೆ? ಅರ್ಧ ಸಮಾಧಾನ ಮಾಡ್ಕೊಳ್ಳಿ."

ಅವರು ತಲೆ ಅಲ್ಲಾಡಿಸುತ್ತಾರೆ. ಎಂಟನೇ ವಾರದಲ್ಲಿ ಬೆಳೆದು ನಿಂತ ಬಾಟಲಿಗಳನ್ನು ಇಪ್ಪತ್ತೆರಡು ವರ್ಷದಲ್ಲಿ ಒಂಬತ್ತು ಸಲ ನೋಡಿದ್ದಾರೆ. ಒಂಬತ್ತೂ ಅವರಿಗೆ ನೆನಪಿವೆ.

ಅಷ್ಟರಲ್ಲಿ ಫೋನು. ಗಂಡ. "ಏನಂತೆ ನನ್ನ ಬಾಟ್ಲಿ?"

"ಏನೂ ಅನ್ಲಿಲ್ಲ."

"ಹಂಗಾದ್ರೆ ಇಲ್ಲ ಅಂತ ಬರೆಸ್ಕೊಂಡು ಬಾ. ಒಂದು ವಾರಕ್ಕೆ ಏನು ರಾಜ್ಯ ಮುಳುಗುತ್ತೆ?"

"ನಿಮಗೊಬ್ಬರಿಗೆ ಏಳು ವಾರ, ಊರೋರಿಗೆಲ್ಲ ಎಂಟು ವಾರ ಮಾಡೋಕೆ ಇದೇನು ನಮ್ಮ ಅಡುಗೆಮನೆನಾ? ಬಿಸಿಲಿಗೆ ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ." ಫೋನನ್ನು ಏಪ್ರನ್ ಜೇಬಿಗೆ ಸೇರಿಸುತ್ತಾರೆ.

ಮುಂದಿನ ಗುರುವಾರ ಉತ್ತರ ಬಂದ ತಕ್ಷಣ ತಾನೇ ಫೋನು ಮಾಡಿ ಭಾವನಿಗೆ ತಿಳಿಸುತ್ತೇನೆ, ಅಕ್ಕನಿಗೆ ಆ ಕಷ್ಟ ಬೇಡ ಎನ್ನುತ್ತಾನೆ ಟೆಕ್ನಿಷಿಯನ್. ಬೇಡ ಎನ್ನುತ್ತಾರೆ ಮೊಟ್ಟೆ ಅಕ್ಕ. ಏನೇ ಬರಲಿ, ಮನೆಗೆ ಹೋಗಿ ಎದುರಿಗೆ ಕೂತು ತಾನೇ ಹೇಳಬೇಕು. ಅದಕ್ಕೆ ಬೇಕಾದಷ್ಟು ಧೈರ್ಯ ಕೊಡು ಎಂದು ದೇವರನ್ನು ಕೇಳಿಕೊಂಡಿದ್ದೇನೆ, ಬೇರೇನೂ ದೊಡ್ಡದಲ್ಲ ಎನ್ನುತ್ತಾರೆ.

"ಅಂದ್ರೆ ಇಲ್ಲ ಅಂತಲೇ ಬರ್ಲಿ ಅಂತ ಕೇಳಲ್ವಾ ಅಕ್ಕ?"

"ಯಾಕೆ ಕೇಳಲ್ಲ? ದಿನಾ ಕೇಳ್ತೀನಿ," ಎನ್ನುತ್ತಾರೆ ಅವರು, ಮುಚ್ಚಳಗಳನ್ನು ಮತ್ತೆ ತಮ್ಮ ಕಡೆಗೆ ಎಳೆದುಕೊಳ್ಳುತ್ತ. "ಮೊದ್ಲು ಅದನ್ನೇ ಕೇಳ್ತೀನಿ. ಧೈರ್ಯ ಕೇಳೋದು ಆಮೇಲೆ."